ಮೋಟರ್‌ಹೋಮ್‌ನಲ್ಲಿ ಜಿನೋವಾ: ಎರಡನೇ ಸಲಕ್ಕೆ ಕೈಗೂಡಿತು

ಮೋಟರ್‌ಹೋಮ್ (ಮಲಗೋಕೆ, ಅಡುಗೆಗೆ ಜಾಗ ಇರೋ ಗಾಡಿ) ಬಾಡಿಗೆಗೆ ತೆಗೆದುಕೊಂಡು ಮತ್ತೆ ಇಟಲಿಯ ಜಿನೋವಾಗೆ ಹೋಗುತ್ತೇನೆ ಅಂದಾಗ ಸ್ಟುಟ್‌ಗಾರ್ಟ್‌ನ ನಮ್ಮ ಕನ್ನಡ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಬೆಟ್ಟಕ್ಕೂ ಸಮುದ್ರಕ್ಕೂ ಮಧ್ಯೆ ಸಿಕ್ಕಿಕೊಂಡಿರೋ ಊರು ಮಾರಾಯ, ಕಾರು ನಿಲ್ಸೋಕೇ ಜಾಗ ಇಲ್ಲ, ಏಳು ಮೀಟರ್ ಗಾಡಿ ಎಲ್ಲಿಡ್ತೀಯ?" ಅಂದರು.

ಅವರು ಹಾಗೆ ಹೇಳಲು ಕಾರಣ ಇತ್ತು. ಎರಡು ವರ್ಷದ ಹಿಂದೆ ಮೊದಲ ಸಲ ಹೋದಾಗ ಹಳೇ ಬಂದರಿನ ಪಕ್ಕದಲ್ಲೇ ನಿಲ್ಲಿಸಬೇಕು ಅಂತ ಹಟ ಹಿಡಿದಿದ್ದೆ. ಸಿಕ್ಕ ಪಾರ್ಕಿಂಗ್ ಎಲ್ಲಾ ನೆಲಮಾಳಿಗೆಯದ್ದು, ಎತ್ತರ ಎರಡು ಮೀಟರ್ ಚಿಲ್ಲರೆ. ನಮ್ಮ ಗಾಡಿ ಹತ್ತಿರ ಹತ್ತಿರ ಮೂರು. ಮುಕ್ಕಾಲು ಗಂಟೆ ಸುತ್ತಿ, ಯಾವುದೋ ಇಕ್ಕಟ್ಟು ಬೀದಿಯಲ್ಲಿ ಬಲಗಡೆ ಕನ್ನಡಿ ಗೋಡೆಗೆ ಉಜ್ಜಿ ಒಡೆಯಿತು. ಡಿಪಾಸಿಟ್‌ನಲ್ಲಿ 240 ಯೂರೋ ಹೋಯಿತು. ಮೂರ್ನಾಲ್ಕು ತಿಂಗಳಾದ ಮೇಲೆ ದಂಡದ ಕಾಗದ ಬಂತು. ಹೊರಗಿನ ಗಾಡಿ ಬರಬಾರದ ವಲಯಕ್ಕೆ ನುಗ್ಗಿದ್ದನ್ನು ಕ್ಯಾಮೆರಾ ಹಿಡಿದಿತ್ತು. ಅದು ನೂರರ ಹತ್ತಿರ. ನನ್ನ ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಬೇರೆ 35 ಕಿತ್ತುಕೊಂಡಿತು.

ಈ ಸಲ ಅಕ್ಟೋಬರ್‌ನಲ್ಲಿ ಹೋದೆವು. ದಾವಣಗೆರೆಯಿಂದ ಅಪ್ಪ ಬಂದಿದ್ದರು, ಅವರೂ ಜೊತೆಗಿದ್ದರು. ಗಾಡಿಯನ್ನು ಹಳೇ ಊರಿನ ಹತ್ತಿರಕ್ಕೂ ಒಯ್ಯಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಪೆಗ್ಲಿ ಇದೆ. ಅದೂ ಜಿನೋವಾದೇ ಭಾಗ. ಅಲ್ಲಿ ಗುಡ್ಡದ ಮೇಲೆ ಕ್ಯಾಂಪಿಂಗ್ ಇದೆ, ಕೆಳಗೆ ರೈಲ್ವೆ ಸ್ಟೇಷನ್. ಗಾಡಿ ಐದು ರಾತ್ರಿ ಅಲ್ಲಾಡದೆ ನಿಂತಿತ್ತು.

ದಾರಿಯನ್ನೂ ಬದಲಾಯಿಸಿದೆ. ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ಬೆಟ್ಟ, ಮಿಲಾನೋ ದಾಟಿದ ಮೇಲೆ ಎಲ್ಲರೂ ಎ7 ಹೆದ್ದಾರಿ ಹಿಡಿದು ನೇರ ಜಿನೋವಾಗೆ ಇಳಿಯುತ್ತಾರೆ. ಸೆರ‍್ರವಾಲೆ ಅನ್ನೋ ಊರು ಆದಮೇಲೆ ಅದು ಬರೀ ತಿರುವು, ಸುರಂಗ, ಪಕ್ಕದಲ್ಲಿ ಲಾರಿ. ಹೋದ ಸಲ ಹೆಂಡತಿ ಕಣ್ಣು ಮುಚ್ಚಿ ಕೂತಿದ್ದಳು. ಈ ಸಲ ಸೆರ‍್ರವಾಲೆಗೆ ಮೊದಲೇ ಅಡ್ಡರಸ್ತೆ ಹಿಡಿದು ಎ26 ಹೆದ್ದಾರಿಗೆ ಬಂದು ವೋಲ್ಟ್ರಿಗೆ ಇಳಿದೆ. ಸ್ವಲ್ಪ ಸುತ್ತು, ಆದರೆ ಅಗಲವಾದ ರಸ್ತೆ, ಇಳಿದರೆ ಪೆಗ್ಲಿ ಪಕ್ಕದಲ್ಲೇ. ಏಳು ಮೀಟರ್ ಗಾಡಿ ಓಡಿಸೋರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಹೋಗುವಾಗ ಒಂದು ರಾತ್ರಿ ಬಿಟ್ಟಿಯಾಗಿ ತಂಗಿದ ಜಾಗದ ಹೆಸರು ಮಾತ್ರ ಬರೆಯುವುದಿಲ್ಲ. ಅಲ್ಲಿ ಹಿಡಿಯುವುದು ಮೂರೇ ಗಾಡಿ.

ಗ್ಯಾಸ್ ವಿಷಯ. ಜರ್ಮನಿಯ 11 ಕೆಜಿ ಸಿಲಿಂಡರ್ ಖಾಲಿಯಾದರೆ ಇಟಲಿಯಲ್ಲಿ ಬದಲಾಯಿಸಿ ಕೊಡುವುದಿಲ್ಲ. ಮೊದಲ ಸಲ ಮೂರನೇ ರಾತ್ರಿಗೆ ಮುಗಿದು, ಉಳಿದ ದಿನ ಹೋಟೆಲ್ ಊಟಕ್ಕೆ ಸುರಿದೆವು. ಈಗ ಎರಡೂ ತುಂಬಿದ ಸಿಲಿಂಡರ್, ಜೊತೆಗೆ ಮನೆಯ ಇಂಡಕ್ಷನ್ ಒಲೆ. ಒಲೆಯನ್ನು ಸಾವಿರ ವ್ಯಾಟ್ ಮೇಲೆ ಏರಿಸಬೇಡಿ. ಅದರ ಜೊತೆ ಕೆಟಲ್ ಹಾಕಿದರೆ ಕ್ಯಾಂಪಿಂಗ್ ಫ್ಯೂಸ್ ಹೋಗುತ್ತದೆ, ನಮಗೆ ಎರಡು ಸಲ ಹೋಯಿತು.

ದೋಸೆ ಹಿಟ್ಟಿನ ಡಬ್ಬಿಯನ್ನು ಶವರ್ ಒಳಗೆ ಟವೆಲ್ ಸುತ್ತಿ ಇಟ್ಟಿದ್ದೆವು. ಉಕ್ಕಿದರೂ ತೊಳೆಯೋದು ಸುಲಭ, ಅಲ್ವಾ? ಗೊಟ್ಟಾರ್ಡ್ ಚಳಿಯಲ್ಲಿ ಹಿಟ್ಟು ಮಲಗಿಬಿಟ್ಟಿತ್ತು. ಪೆಗ್ಲಿಗೆ ಬಂದ ಮಾರನೇ ಬೆಳಿಗ್ಗೆ ನೋಡಿದರೆ ಮುಚ್ಚಳ ಎತ್ತಿಕೊಂಡು ಬಂದಿತ್ತು.

ಊರಿಗೆ ಹೋಗುವಾಗ ರೈಲು, ಬರುವಾಗ ದೋಣಿ. ಪೆಗ್ಲಿಯಿಂದ ಹಳೇ ಬಂದರಿಗೆ ನಗರ ಸಾರಿಗೆಯದ್ದೇ ದೋಣಿ ಇದೆ, ಅರ್ಧ ಗಂಟೆ. ಕಂಟೇನರ್ ಹಡಗುಗಳ ಮುಂದೆ ಹಾದು, 77 ಮೀಟರ್ ಎತ್ತರದ ಲಾಂತೆರ್ನಾ ದೀಪಸ್ತಂಭವನ್ನು ನೀರಿನಿಂದಲೇ ನೋಡಬಹುದು. 1543ರಲ್ಲಿ ಕಟ್ಟಿದ್ದು ಇನ್ನೂ ಉರಿಯುತ್ತಿದೆ. ಗಾಳಿ ಜಾಸ್ತಿಯಾದರೆ ದೋಣಿ ಬಿಡುವುದಿಲ್ಲ, ನಮಗೆ ಒಂದು ದಿನ ತಪ್ಪಿತು.

ಅಪ್ಪನಿಗೆ ಮಂಡಿ ನೋವು. ಪೊರ್ತೆಲ್ಲೋ ಚೌಕದಿಂದ ಗುಡ್ಡದ ಮೇಲಿನ ಕಸ್ತೆಲ್ಲೆತ್ತೋಗೆ ಹಳೇ ಕಾಲದ ಲಿಫ್ಟ್ ಇದೆ. ಮೇಲೆ ಹೋದರೆ ಕಲ್ಲುಹಾಸಿನ ಬೂದು ಚಾವಣಿಗಳು, ಅದರಾಚೆ ಬಂದರು. ಕೆಳಗಿನ ಅರಮನೆ ಬೀದಿಯ ಕಥೆ ಅಪ್ಪನಿಗೆ ಬಹಳ ಹಿಡಿಸಿತು. 1576ರಲ್ಲಿ ಆಗಿನ ಜಿನೋವಾ ಗಣರಾಜ್ಯ ಈ ಅರಮನೆಗಳ ಪಟ್ಟಿ ಮಾಡಿತ್ತಂತೆ, ರಾಜ್ಯದ ಅತಿಥಿ ಬಂದರೆ ಚೀಟಿ ಎತ್ತಿ ಯಾವ ಶ್ರೀಮಂತರ ಮನೆಯಲ್ಲಿ ಇಳಿಸೋದು ಅಂತ ಗೊತ್ತು ಮಾಡೋರು. "ಛತ್ರ ಕಟ್ಟಿಸೋ ಖರ್ಚೇ ಇಲ್ಲ ನೋಡೋ" ಅಂದರು.

ಇನ್ನು ಫರಿನಾತಾ ಅನ್ನೋ ಅಲ್ಲಿನ ತಿಂಡಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹುಯ್ದು ಸೌದೆ ಒಲೆಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಗಾಡಿಯಲ್ಲಿ ಮಾಡೋಣ ಅಂತ ನಮ್ಮ ಕಡಲೆ ಹಿಟ್ಟು ಕಲಸಿದೆ, ಬೋಂಡಾ ವಾಸನೆ ಬಂತು. ಅವರದ್ದು ಕಾಬೂಲ್ ಕಡಲೆ ಹಿಟ್ಟು. ಪೆಗ್ಲಿ ಅಂಗಡಿಯಲ್ಲಿ ಅದನ್ನೇ ಕೊಂಡೆ. ಒಂದಕ್ಕೆ ಮೂರು ನೀರು, ಐದಾರು ಗಂಟೆ ನೆನೆ, ಮೇಲಿನ ನೊರೆ ತೆಗೆ. ಕಬ್ಬಿಣದ ದೋಸೆ ಕಾವಲಿಯಲ್ಲಿ ಮೊದಲೆರಡು ಸಲ ತಳ ಸೀದು ಮೇಲೆ ಹಸಿ ಉಳಿಯಿತು. ಮೂರನೇದು ಸರಿಯಾಯಿತು. ಮುಚ್ಚಳ ಮುಚ್ಚಿದ್ದರ ಜೊತೆ ಇನ್ನೊಂದು ಉಪಾಯ ಮಾಡಿದೆ, ಆ ಗುಟ್ಟು ನನ್ನ ಹತ್ತಿರವೇ ಇರಲಿ.

ಖರ್ಚು ನೆನಪಿನಿಂದ: ಆರು ರಾತ್ರಿಯ ಬಾಡಿಗೆ 570, ಡೀಸೆಲ್ 260, ಕ್ಯಾಂಪಿಂಗ್ 190, ಸ್ವಿಸ್ ಹೆದ್ದಾರಿ ಸ್ಟಿಕರ್ ಮತ್ತು ಟೋಲ್ 90, ತರಕಾರಿ ದಿನಸಿ ನೂರರ ಮೇಲೆ. ಒಟ್ಟು 1,200 ಯೂರೋ ಆಸುಪಾಸು. ಮೊದಲ ಸಲ ದಂಡ, ಕನ್ನಡಿ, ಹೋಟೆಲ್ ಎಲ್ಲ ಸೇರಿ 1,800 ದಾಟಿತ್ತು, ಆಗ ನಾವು ಮೂರೇ ಜನ. ಬೇಡ ಅಂದವರಲ್ಲಿ ಇಬ್ಬರು ಈಗ ಏಪ್ರಿಲ್‌ಗೆ ಗಾಡಿ ಬುಕ್ ಮಾಡಿದ್ದಾರೆ.