ಬೊನೇರ್‌ನಲ್ಲಿ ನಾಲ್ಕು ಡೈವ್ ದಿನಗಳು: ವಾಪಸ್ ವಿಮಾನದಿಂದ ಹಿಂದಕ್ಕೆ ಎಣಿಸಿದ ಲೆಕ್ಕ

ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಪ್ರವಾಸದ ಪಟ್ಟಿಯನ್ನು ನಾವು ಬರೆಯಲು ಶುರು ಮಾಡಿದ್ದೇ ಕೊನೆಯ ದಿನದಿಂದ. ವಾಪಸ್ ವಿಮಾನ ಶನಿವಾರ ಮಧ್ಯಾಹ್ನ. ಸತತವಾಗಿ ಕೆಲವು ದಿನ ಡೈವ್ ಮಾಡಿದವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬುದು ಡೈವರ್‌ಗಳ ಸುರಕ್ಷತಾ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಮೈಯಲ್ಲಿ ಕರಗಿದ ಸಾರಜನಕ ಪೂರ್ತಿ ಹೊರಹೋಗುವ ಮೊದಲೇ ವಿಮಾನದೊಳಗಿನ ಕಡಿಮೆ ಒತ್ತಡಕ್ಕೆ ಹೋದರೆ ಅದು ಗುಳ್ಳೆಗಟ್ಟಬಹುದು. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ನಾವು 24 ಗಂಟೆ ಇಟ್ಟುಕೊಂಡೆವು. ಶುಕ್ರವಾರ ಬೆಳಗ್ಗೆ ಒಂದು ಡೈವ್‌ಗೆ ಲೆಕ್ಕದಲ್ಲಿ ಜಾಗವಿತ್ತು. ಆದರೆ ಗುಂಪಿನಲ್ಲಿ 8 ಗಂಟೆಯ ಡೈವ್ 11ಕ್ಕೆ ಜಾರುವುದು ಖಂಡಿತ, ಅದಕ್ಕೇ ಶುಕ್ರವಾರವನ್ನು ಪೂರ್ತಿ ಖಾಲಿ ಬಿಟ್ಟೆವು. ಉಳಿದದ್ದು ಭಾನುವಾರ, ಸೋಮವಾರ, ಮಂಗಳವಾರ, ಗುರುವಾರ. ಬುಧವಾರ ಎಲ್ಲರಿಗೂ ರಜೆ.

ಹತ್ತು ಜನರಲ್ಲಿ ಡೈವ್ ಮಾಡುವವರು ಆರು. ಇಂಥ ಗುಂಪಿಗೆ ಬೊನೇರ್ ಹೇಳಿ ಮಾಡಿಸಿದ ಜಾಗ. ದ್ವೀಪ ಚಂಡಮಾರುತಗಳ ಪಟ್ಟಿಯಿಂದ ದಕ್ಷಿಣಕ್ಕಿದೆ. ಪಶ್ಚಿಮ ತೀರಕ್ಕೆ ಗಾಳಿಯ ಮರೆ ಇರುವುದರಿಂದ ದೋಣಿಯೇ ಬೇಡ, ದಡದಿಂದಲೇ ನಡೆದು ನೀರಿಗಿಳಿಯಬಹುದು. ಡೈವ್ ತಾಣಗಳ ಹೆಸರನ್ನು ರಸ್ತೆ ಬದಿಯ ಹಳದಿ ಕಲ್ಲುಗಳ ಮೇಲೆ ಬರೆದಿರುತ್ತಾರೆ. ದೋಣಿಯ ವೇಳಾಪಟ್ಟಿಗೆ ಕಟ್ಟುಬೀಳದ ಕಾರಣ ಡೈವ್ ಮಾಡದ ನಾಲ್ವರು ದಿನವಿಡೀ ಕಾದು ಕೂರಬೇಕಾಗಲಿಲ್ಲ.

ಕಾಗದಪತ್ರದ ಕೆಲಸವನ್ನು ಎರಡು ತಿಂಗಳು ಮೊದಲೇ ಮುಗಿಸಿ. ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ನಿಯಮವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಬೊನೇರ್ 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆಯಾಗಿದ್ದರೂ ಷೆಂಗೆನ್ ವಲಯಕ್ಕೆ ಸೇರಿಲ್ಲ, ಅಲ್ಲಿನ ವೀಸಾ ವ್ಯವಸ್ಥೆಯೇ ಬೇರೆ. ಡೈವ್ ಅಂಗಡಿ ಕೊಡುವ ಆರೋಗ್ಯ ಪ್ರಶ್ನಾವಳಿಯನ್ನು ಮನೆಯಲ್ಲೇ ಓದಿ. ಆಸ್ತಮಾ, ರಕ್ತದೊತ್ತಡ, ಕಿವಿಯ ಶಸ್ತ್ರಚಿಕಿತ್ಸೆಯಂಥ ಪ್ರಶ್ನೆಗೆ ‘ಹೌದು’ ಎಂದರೆ ವೈದ್ಯರ ಸಹಿ ಬೇಕಾಗಬಹುದು. ದ್ವೀಪಕ್ಕೆ ಹೋದಮೇಲೆ ಅದನ್ನು ಹುಡುಕುತ್ತ ಹೊರಟರೆ ಒಂದು ದಿನ ಹೋಯಿತೆಂದೇ ಲೆಕ್ಕ. ಸಾಮಾನ್ಯ ಪ್ರವಾಸ ವಿಮೆಯಲ್ಲಿ, ಗುಳ್ಳೆಗಟ್ಟಿದ ಸಾರಜನಕವನ್ನು ಕರಗಿಸುವ ಒತ್ತಡ ಕೋಣೆಯ ಚಿಕಿತ್ಸೆ ಹೆಚ್ಚಾಗಿ ಸೇರಿರುವುದಿಲ್ಲ, ಡೈವಿಂಗ್ ವಿಮೆಯನ್ನು ಬೇರೆಯಾಗಿ ಮಾಡಿಸಿ. ದ್ವೀಪಕ್ಕೆ ಪ್ರವೇಶ ತೆರಿಗೆ, ಸಮುದ್ರ ಉದ್ಯಾನಕ್ಕೆ ನಿಸರ್ಗ ಶುಲ್ಕ, ಎರಡನ್ನೂ ಆನ್‌ಲೈನ್‌ನಲ್ಲಿ ಕಟ್ಟಬಹುದು. ರಸೀದಿಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ನಮ್ಮವರಲ್ಲಿ ಪದೇಪದೇ ಆಗುವ ಒಂದು ಗೊಂದಲವಿದೆ. ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಬೋಧಕರ ಕೈಹಿಡಿದು ಒಮ್ಮೆ ಇಳಿದವರು ‘ನನಗೆ ಡೈವಿಂಗ್ ಬರುತ್ತದೆ’ ಎಂದೇ ನಂಬಿರುತ್ತಾರೆ. ಅದು ಪರಿಚಯದ ಡೈವ್, ಪ್ರಮಾಣಪತ್ರವಲ್ಲ. ಬೋಧಕರಿಲ್ಲದೆ ಇಳಿಯಲು ಓಪನ್ ವಾಟರ್ ಕಾರ್ಡ್ (ಮೊದಲ ಹಂತದ ಪ್ರಮಾಣಪತ್ರ) ಬೇಕೇ ಬೇಕು. ಪಾಠ ಮತ್ತು ಈಜುಕೊಳದ ಅಭ್ಯಾಸವನ್ನು ಊರಲ್ಲೇ ಮುಗಿಸಿ ಅಷ್ಟು ಮುಗಿದಿದೆ ಎನ್ನುವ ರೆಫರಲ್ ಪತ್ರ ತಂದರೆ, ಉಳಿದ ನಾಲ್ಕು ತರಬೇತಿ ಡೈವ್‌ಗಳು ದ್ವೀಪದಲ್ಲಿ ಎರಡೇ ದಿನದಲ್ಲಿ ಮುಗಿಯುತ್ತವೆ.

ಭಾನುವಾರ ಉದ್ಯಾನದ ನಿಯಮಗಳ ಪರಿಚಯ, ಆಮೇಲೆ ಚೆಕ್‌ಔಟ್ ಡೈವ್, ಅಂದರೆ ಸಲಕರಣೆ ಮತ್ತು ಕೌಶಲ ಪರೀಕ್ಷಿಸುವ ಮೊದಲ ಡೈವ್. ಎರಡೂ ಕಡ್ಡಾಯ. ಕೈಗವಸು ಹಾಕುವಂತಿಲ್ಲ, ಹವಳ ಮುಟ್ಟುವಂತಿಲ್ಲ. ಈ ಡೈವನ್ನು, ಮುಳುಗಲು ಕಟ್ಟಿಕೊಳ್ಳುವ ತೂಕ ಸರಿಮಾಡಿಕೊಳ್ಳಲು ಬಳಸಿದೆವು. ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್) ಗಾಳಿ ಪೂರ್ತಿ ಬಿಟ್ಟು, ಸಹಜ ಉಸಿರು ಹಿಡಿದು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ತುಂಬಿದ ಸಿಲಿಂಡರ್‌ನಲ್ಲಿ ಪರೀಕ್ಷಿಸಿದ್ದರೆ ಸುಮಾರು 2 ಕಿಲೋ ಸೇರಿಸಿ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ಹಗುರಾಗಿ ತೇಲತೊಡಗುತ್ತದೆ. ಆಗ ತೂಕ ಸಾಲದಿದ್ದರೆ, ಮೇಲೆ ಬರುವ ಮೊದಲು 5 ಮೀಟರ್ ಆಳದಲ್ಲಿ ಮಾಡುವ ಸುರಕ್ಷತಾ ನಿಲುಗಡೆಯಲ್ಲಿ ನಿಲ್ಲಲಾಗದು. ಹಾಗೆಂದು ಮೊದಲೇ ಹೆಚ್ಚು ತೂಕ ಕಟ್ಟಿಕೊಂಡರೆ ಬಿಸಿಡಿಗೆ ಮತ್ತೆ ಮತ್ತೆ ಗಾಳಿ ತುಂಬಬೇಕು, ಕಾಲು ಇಳಿಬಿದ್ದು ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ) ಹವಳಕ್ಕೆ ತಾಗುತ್ತದೆ.

ಜೋಡಿ ಮಾಡುವಾಗ ಗಂಡ-ಹೆಂಡತಿ, ಗೆಳೆಯರು ಎಂದು ನೋಡದೆ ಗಾಳಿಯ ಬಳಕೆ ನೋಡಿದೆವು. ಇದರಷ್ಟು ಉಪಯೋಗಕ್ಕೆ ಬಂದ ನಿರ್ಧಾರ ಬೇರೆ ಇಲ್ಲ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 15 ಮೀಟರ್ ಆಳದಲ್ಲಿ ಒತ್ತಡ 2.5 ಪಟ್ಟಾದ್ದರಿಂದ 50 ಲೀಟರ್ ಬೇಕು. ಸಾಮಾನ್ಯ 80 ಘನ ಅಡಿಯ ಸಿಲಿಂಡರ್‌ನ ಒಳಗಾತ್ರ 11.1 ಲೀಟರ್. 200 ಬಾರ್ (ಒತ್ತಡದ ಅಳತೆ) ತುಂಬಿದ್ದರೆ 2220 ಲೀಟರ್, 50 ಬಾರ್ ಮೀಸಲು ಕಳೆದರೆ 1665. ಅಲ್ಲಿಗೆ 33 ನಿಮಿಷ. ನಿಮಿಷಕ್ಕೆ 14 ಲೀಟರ್ ಸಾಕಾಗುವವರಿಗೆ ಅದೇ ಸಿಲಿಂಡರ್ 47 ನಿಮಿಷ ಬರುತ್ತದೆ. ಇಬ್ಬರನ್ನೂ ಜೋಡಿ ಮಾಡಿದರೆ ಒಬ್ಬರಿಗೆ ಅವಸರ, ಇನ್ನೊಬ್ಬರಿಗೆ ಬೇಸರ. ಮೊದಲ ದಿನ ಆಳ, ಸಮಯ, ಉಳಿದ ಬಾರ್ ಬರೆದಿಟ್ಟರೆ ಸೋಮವಾರಕ್ಕೆ ಜೋಡಿಗಳು ಸಿದ್ಧ.

ನೈಟ್ರಾಕ್ಸ್ ಕಾರ್ಡ್ ಇದ್ದವರು 32 ಶೇಕಡ ಆಮ್ಲಜನಕದ ಮಿಶ್ರಣ ತೆಗೆದುಕೊಂಡೆವು. ಇದರಲ್ಲಿ ಗಾಳಿಗಿಂತ ಸಾರಜನಕ ಕಡಿಮೆ, ಹಾಗಾಗಿ ಕೆಳಗೆ ಹೆಚ್ಚು ಹೊತ್ತು ಇರಬಹುದು. 18 ಮೀಟರ್‌ನಲ್ಲಿ ಗಾಳಿಗೆ 56 ನಿಮಿಷದ ಮಿತಿ ಇದ್ದರೆ ಇದಕ್ಕೆ 95; 30 ಮೀಟರ್‌ನಲ್ಲಿ 20ರ ಬದಲು 30. ದಿನಕ್ಕೆ ಮೂರು ಡೈವ್ ಆದಾಗ ಈ ಅಂತರ ನಿಜಕ್ಕೂ ಬೇಕಾಗುತ್ತದೆ. ಆದರೆ 33 ಮೀಟರ್‌ಗಿಂತ ಕೆಳಗೆ ಹೋಗಬಾರದು, ಅಲ್ಲಿಂದಾಚೆ ಆಮ್ಲಜನಕವೇ ವಿಷವಾಗಬಹುದು. ಆಮ್ಲಜನಕ ಅಳೆಯುವ ಅನಲೈಜರ್ ಹೊರಗಿನ ಗಾಳಿಯಲ್ಲಿ 20.9 ತೋರಿಸುತ್ತದೆಯೇ ನೋಡಿ, ನಿಮ್ಮ ಸಿಲಿಂಡರನ್ನು ನೀವೇ ಅಳೆದು ಟೇಪಿನ ಮೇಲೆ ಶೇಕಡಾವಾರು, ಗರಿಷ್ಠ ಆಳ ಬರೆಯಿರಿ. ಬೇರೆಯವರು ಅಳೆದದ್ದನ್ನು ನಂಬಬೇಡಿ.

ಆರು ಜನಕ್ಕೆ ಎರಡು ಪಿಕಪ್ ಟ್ರಕ್. ಬುಕ್ ಮಾಡುವಾಗ ಎರಡು ವಿಷಯ ಕೇಳಿ: ಗೇರ್ ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ, ಕೀಲಿಕೈ ನೀರಿಗೆ ತಡೆಯುತ್ತದೆಯೋ ಇಲ್ಲವೋ. ಎಲೆಕ್ಟ್ರಾನಿಕ್ ಕೀಲಿ ಉಪ್ಪುನೀರಿಗೆ ಇಳಿದರೆ ಮುಗಿಯಿತು. ಟ್ರಕ್‌ನಿಂದ ಕಳ್ಳತನ ಆಗುತ್ತದೆ. ಹಣ, ಫೋನು, ಪಾಸ್‌ಪೋರ್ಟ್ ಯಾವುದನ್ನೂ ಒಳಗೆ ಬಿಡದೆ, ಗಾಜು ಇಳಿಸಿ ಬಾಗಿಲಿಗೆ ಬೀಗ ಹಾಕದೆ ಹೋಗುವುದು ಅಲ್ಲಿನ ರೂಢಿ. ಗಾಜು ಒಡೆಯುವ ಖರ್ಚಾದರೂ ಉಳಿಯುತ್ತದೆ. ತಂಗಿದ ಮನೆಯಿಂದ ಹೊರಡುವಾಗಲೇ ಪ್ರತಿ ಸಿಲಿಂಡರ್‌ನ ಒ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ನೋಡಿ, ಟ್ರಕ್‌ಗೆ ನಾಲ್ಕು ಬಿಡಿ ಒ-ರಿಂಗ್ ಇಟ್ಟುಕೊಳ್ಳಿ. ಯುರೋಪಿನಿಂದ ಡಿನ್ ರೆಗ್ಯುಲೇಟರ್ (ಸಿಲಿಂಡರ್‌ಗೆ ತಿರುಪಿನಿಂದ ಕೂರುವ ಉಸಿರಾಟದ ಸಾಧನ) ತರುವವರು, ಅದನ್ನು ಹಿಡಿಕೆಯಿಂದ ಬಿಗಿಯುವ ಮಾದರಿಗೆ ಹೊಂದಿಸುವ ಯೋಕ್ ಅಡಾಪ್ಟರ್ ಮರೆಯಬೇಡಿ.

ನೀರಿಗೆ ಇಳಿಯುವಾಗಲೇ ಜನ ಬೀಳುವುದು. ದಡದಲ್ಲಿ ಸತ್ತ ಹವಳದ ಚೂರು, ನಡುವೆ ಗುಂಡಿ. ದಪ್ಪ ಅಡಿಯ ಬೂಟು ಹಾಕಿ, ಫಿನ್ಸ್ ಕೈಯಲ್ಲಿ ಹಿಡಿದು, ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ, ಬಿಸಿಡಿಗೆ ಅರ್ಧ ಗಾಳಿ. ಕಾಲೆಳೆದುಕೊಂಡು ನಡೆದು, ಸೊಂಟದ ನೀರಿಗೆ ಬಂದಕೂಡಲೇ ತೇಲಿ ಫಿನ್ಸ್ ಹಾಕಿಕೊಳ್ಳಿ. ಮೊದಲು ಪ್ರವಾಹಕ್ಕೆ ಎದುರಾಗಿ ಹೋಗಿ, ಜೋಡಿಯಲ್ಲಿ ಯಾರದ್ದಾದರೂ 130 ಬಾರ್‌ಗೆ ಇಳಿದರೆ ತಿರುಗಿ. ವಾಪಸ್ ಬರುವ ದಾರಿ ಆಳ ಕಡಿಮೆ ಇರಲಿ.

ದಿನದ ಆಳದ ಡೈವ್ ಯಾವಾಗಲೂ ಮೊದಲು. ಸೋಮವಾರ ಬೆಳಗ್ಗೆ ಹಿಲ್ಮಾ ಹೂಕರ್: 1984ರ ಸೆಪ್ಟೆಂಬರ್‌ನಲ್ಲಿ ಮುಳುಗಿದ, 70 ಮೀಟರಿಗೂ ಉದ್ದದ ಸರಕು ಹಡಗು, ಸುಮಾರು 30 ಮೀಟರ್ ತಳದಲ್ಲಿ ಪಕ್ಕಕ್ಕೆ ಮಲಗಿದೆ. ಓಪನ್ ವಾಟರ್ ಕಾರ್ಡ್‌ನವರ ಮಿತಿ 18 ಮೀಟರ್ ಆದ್ದರಿಂದ ಅವರು ಮೇಲಿನಿಂದಲೇ ನೋಡಿದರು. ಮಂಗಳವಾರ ಸಾಲ್ಟ್ ಪಿಯರ್. ಉಪ್ಪು ತುಂಬುವ ಹಡಗು ನಿಂತಿದ್ದರೆ ಅಲ್ಲಿ ಇಳಿಯುವಂತಿಲ್ಲ, ಇನ್ನೊಂದು ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಿ. ಎರಡು ಡೈವ್ ನಡುವಿನ ಗಂಟೆಗೆ ಚಿತ್ರಾನ್ನದ ಡಬ್ಬಿ, ತಲೆಗೆ ಎರಡು ಲೀಟರ್ ನೀರು. ಗುರುವಾರ ಹತ್ತೂ ಜನ ಒಂದೇ ದೋಣಿಯಲ್ಲಿ ಪಕ್ಕದ ಪುಟ್ಟ ದ್ವೀಪ ಕ್ಲೈನ್ ಬೊನೇರ್‌ಗೆ ಹೋದೆವು. ಆರು ಜನ ಕೆಳಗೆ, ಉಳಿದವರು ಸ್ನಾರ್ಕೆಲ್ ಹಾಕಿ ಮೇಲೆ, ಎರಡೂ ಗುಂಪಿಗೆ ಒಂದೇ ಹವಳ ದಿಬ್ಬ.

ನೆಗಡಿ ಬಂದವರು ಅವತ್ತು ಇಳಿಯಬಾರದು. ಮಾತ್ರೆ ನುಂಗಿ ಇಳಿದರೆ ಕೆಳಗಿರುವಾಗಲೇ ಅದರ ಪರಿಣಾಮ ಇಳಿದು, ಮೇಲೆ ಬರುವಾಗ ಕಿವಿಯೊಳಗೆ ಗಾಳಿ ಸಿಕ್ಕಿಹಾಕಿಕೊಳ್ಳಬಹುದು. ಇದಕ್ಕೆಂದೇ ಅಂಗಡಿಯ ಜೊತೆ ಡೈವ್‌ಗಳ ಸಂಖ್ಯೆಗೆ ಕರಾರು ಮಾಡಿಕೊಳ್ಳದೆ, ಬಳಸಿದಷ್ಟು ಸಿಲಿಂಡರಿಗೆ ಹಣ ಕೊಡುವ ಲೆಕ್ಕ ಕೇಳಿದೆವು.

ಶುಕ್ರವಾರ ಡೈವ್ ಸಾಮಾನು ತೊಳೆಯುವ ದಿನ. 2023ರಲ್ಲಿ ಬೊನೇರ್‌ನ ಗಟ್ಟಿ ಹವಳಗಳಿಗೆ ಅಂಗಾಂಶ ಕೊಳೆಯುವ ರೋಗ ತಗುಲಿರುವುದು ಕಂಡುಬಂತು. ಹಾಗಾಗಿ ಪ್ರತಿ ಸಂಜೆ ಸೋಂಕುನಿವಾರಕದಲ್ಲಿ, ಕೊನೆಗೆ ಸಿಹಿನೀರಿನಲ್ಲಿ ಅದ್ದಿ, ನೆರಳಿನಲ್ಲಿ ಪೂರ್ತಿ ಒಣಗಿಸಿದೆವು. ಒದ್ದೆ ವೆಟ್‌ಸೂಟ್ ಬ್ಯಾಗಿನ ತೂಕವನ್ನು ಎರಡು ಮೂರು ಕಿಲೋ ಏರಿಸುತ್ತದೆ.