ಕಳೆ ಕೀಳೋದನ್ನು ನಾನು ತಿರುಗಿ ಕಲಿತದ್ದು

ಪಾರ್ಕಿನ ಹಿಂಭಾಗದಲ್ಲಿ ಒಂದೂವರೆ ಎಕರೆಯಷ್ಟು ಜಾಗ ಕಾಡಿನ ಹಾಗೇ ಉಳಿದುಕೊಂಡಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಲಂಟಾನ ಅನ್ನುವ ಕಳೆ. ಆಳೆತ್ತರದ ಪೊದೆ, ಒಳಗೆ ಕಾಲಿಡಲು ಜಾಗವಿಲ್ಲ. ಹುರುಪಿನಲ್ಲಿ ಇಪ್ಪತ್ತು ಜನರನ್ನು ಸೇರಿಸಿ, ನಾಲ್ಕು ಭಾನುವಾರದಲ್ಲಿ ಎಲ್ಲವನ್ನೂ ಬುಡದವರೆಗೆ ಕಡಿಸಿಬಿಟ್ಟೆ. ಫೋಟೊ ಏನೋ ಚೆನ್ನಾಗಿ ಬಂತು.

ಮಳೆ ಬಿದ್ದ ಮೇಲೆ ನೋಡಬೇಕಿತ್ತು. ಕಡಿದ ಒಂದೊಂದು ಬುಡದಿಂದಲೂ ಐದಾರು ಚಿಗುರು. ಬೋಳಾದ ನೆಲದ ತುಂಬ ಪಾರ್ಥೇನಿಯಂ ಕಳೆ. ಮಣ್ಣಿನಲ್ಲಿ ಸುಮ್ನೆ ಮಲಗಿದ್ದ ಬೀಜಕ್ಕೆ ಬಿಸಿಲು ತೋರಿಸಿದವನು ನಾನೇ ಅಲ್ವಾ!

ಆಮೇಲೆ ಬ್ರಾಡ್ಲಿ ಸೋದರಿಯರ ಬಗ್ಗೆ ಓದಿದೆ. ಜೋನ್ ಮತ್ತು ಐಲೀನ್ ಸಿಡ್ನಿಯವರು. 1960ರ ದಶಕದಲ್ಲಿ ಅಲ್ಲಿನ ಕುರುಚಲು ಕಾಡಿನಲ್ಲಿ ಕೈಯಿಂದಲೇ ಕಳೆ ಕೀಳುತ್ತ ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳಿದ್ದರು. ಚೆನ್ನಾಗಿರುವ ಕಡೆಯಿಂದ ಶುರುಮಾಡಿ, ಹಾಳಾದ ಕಡೆಗೆ ಹೋಗಿ. ಮಣ್ಣನ್ನು ಆದಷ್ಟು ಕಡಿಮೆ ಕೆದಕಿ. ಅಲ್ಲಿನದೇ ಗಿಡಗಳು ಎಷ್ಟು ಬೇಗ ಜಾಗ ತುಂಬುತ್ತವೋ ಅಷ್ಟೇ ಬೇಗ ಕಳೆ ತೆಗೆಯಿರಿ. ನಾನು ಮೂರರಲ್ಲೂ ಉಲ್ಟಾ ಹೊಡೆದಿದ್ದೆ.

ಮರುವರ್ಷ ಹಳೇ ಮರಗಳ ಗುಂಪಿನಿಂದ ಶುರುಮಾಡಿದೆವು. ಅಲ್ಲಿ ನೆರಳಿತ್ತು, ಕಳೆ ಕಡಿಮೆಯಿತ್ತು, ಮರಗಳ ಕೆಳಗೆ ತಾನಾಗಿ ಹುಟ್ಟಿದ ಸಸಿಗಳಿದ್ದವು. ಕೀಳುವ ಮೊದಲು ಆ ಸಸಿಗಳಿಗೆಲ್ಲ ಕೆಂಪು ಬಟ್ಟೆ ಚೂರು ಕಟ್ಟಿದೆವು. ಇಲ್ಲದಿದ್ದರೆ ಹೊಸಬರು ಕಳೆಯ ಜೊತೆ ಅವನ್ನೂ ಕಿತ್ತು ಹಾಕುತ್ತಾರೆ. ಮೊದಲ ವರ್ಷ ಎಷ್ಟು ಹೋಯಿತೋ, ಲೆಕ್ಕ ಇಟ್ಟವರಿಲ್ಲ.

ಲಂಟಾನವನ್ನು ಈಗ ಮೇಲಿಂದ ಕಡಿಯುವುದಿಲ್ಲ. ಕಾಂಡ ಮುಗಿದು ಬೇರು ಶುರುವಾಗುವ ಜಾಗದಲ್ಲಿ ಚಿಗುರೊಡೆಯುವ ಮೊಗ್ಗುಗಳಿರುತ್ತವೆ. ಅದಕ್ಕಿಂತ ಎರಡು ಮೂರು ಬೆರಳು ಕೆಳಗೆ, ಮಣ್ಣಿನೊಳಗೆ ಬೇರಿಗೆ ಪಿಕಾಸಿ ಏಟು ಬೀಳಬೇಕು. ಕಿತ್ತ ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡುತ್ತೇವೆ. ನೆಲಕ್ಕೆ ಬೇರು ತಾಗಿದರೆ ಮತ್ತೆ ಜೀವ ಹಿಡಿಯುತ್ತದೆ. ಹಣ್ಣು ತಿಂದ ಹಕ್ಕಿಗಳು ಕೂರುವ ಮರಗಳ ಕೆಳಗೆ ಮಾತ್ರ ಪ್ರತಿ ಮಳೆಗಾಲವೂ ಹೋಗಿ ನೋಡಲೇಬೇಕು. ಸಸಿಯಾಗಿದ್ದಾಗ ಎರಡು ಬೆರಳಲ್ಲಿ ಕೀಳಬಹುದು.

ಹಾಗಂತ ಲಂಟಾನದಲ್ಲಿ ಯಾರೂ ವಾಸ ಇಲ್ಲ ಅಂತಲ್ಲ. ಪೊದೆಯೊಳಗೆ ಗೂಡು ಕಂಡರೆ ಆ ಪೊದೆ ಆಗ ಬೇಡ, ಮರಿಗಳು ಹಾರಿಹೋಗಲಿ. ಪಕ್ಕದಲ್ಲಿ ಬೇರೆ ಪೊದೆಗಿಡ ಎದೆಮಟ್ಟಕ್ಕೆ ಬಂದ ಮೇಲೇ ಅದಕ್ಕೆ ಕೈ ಹಾಕುತ್ತೇವೆ.

ಕಳೆಗಿಂತ ಜಾಸ್ತಿ ತಲೆ ತಿಂದದ್ದು ತರಗೆಲೆ. ಮಣ್ಣಿಗೆ ಹೊದಿಕೆಯಾಗಿ ಬಿದ್ದಲ್ಲೇ ಇರಲಿ ಬಿಡಿ ಅಂತ ನಾನು ಅನ್ನುವುದು, ಬೆಳಗಾಗುವಷ್ಟರಲ್ಲಿ ಯಾರೋ ಗುಡಿಸಿ ಸುಟ್ಟಿರುವುದು. ವಾಕಿಂಗ್ ಬರುವವರದು ಇನ್ನೊಂದು ದೂರು: "ಏನ್ ಸ್ವಾಮಿ, ಪಾರ್ಕಲ್ಲಿ ಕಸ ಬೆಳೆಸ್ತಿದ್ದೀರಲ್ಲ?" ಬೋರ್ಡ್ ಹಾಕಿದೆ, ಯಾರೂ ಓದಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬಹಳ ಸಣ್ಣ ಉಪಾಯ. ದಾರಿಯ ಎರಡೂ ಬದಿ ಒಂದೊಂದು ಮೀಟರ್ ಹುಲ್ಲನ್ನು ಒಪ್ಪವಾಗಿ ಕತ್ತರಿಸಿದೆವು. ಅದರಾಚೆಗಿನ ಎಲೆ, ಪೊದೆ, ಬಿದ್ದ ಕೊಂಬೆ ಎಲ್ಲ ಹಾಗೇ ಇದೆ. ಅಂಚು ನೀಟಾಗಿದ್ದದ್ದೇ ತಡ, ದೂರು ನಿಂತುಹೋಯಿತು. ಗುಡಿಸುವವರಿಗೂ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಯಿತು.

ಐದು ವರ್ಷವಾಯಿತು. ದೂರದ ಎರಡು ಮೂಲೆ ಇನ್ನೂ ಲಂಟಾನದ ಕೈಯಲ್ಲೇ ಇವೆ. ಹೊಸದಾಗಿ ಬಂದವರು ಪಿಕಾಸಿ ಹಿಡಿದು ಮೊದಲು ಅಲ್ಲಿಗೇ ನಡೆಯುತ್ತಾರೆ. ನಾನು ಕರೆದು ಈ ಕಡೆ ಕೂರಿಸುತ್ತೇನೆ.