ಓಬವ್ವನಿಗೆ ನಗಾರಿ ಬೇಕಿರಲಿಲ್ಲ

ಓಬವ್ವನ ಹೆಸರೆತ್ತಿದ ಕೂಡಲೇ ಕನ್ನಡಿಗರ ಕಿವಿಯೊಳಗೆ ಒಂದು ಹಳೆಯ ಹಾಡು ತಾನಾಗಿ ಶುರುವಾಗುತ್ತದೆ. ಆಕೆಯ ಕುರಿತ ಒಂದೂವರೆ ಗಂಟೆಯ ಚಿತ್ರಕ್ಕೆ ಸಂಗೀತ ಮಾಡಲು ಒಪ್ಪಿಕೊಂಡಾಗ ನನಗಿದ್ದ ದೊಡ್ಡ ಹೆದರಿಕೆ ಅದೇ. ತುಮಕೂರಿನ ನಮ್ಮ ಮನೆಯ ಮಹಡಿಯ ಮೇಲೆ ಒಂದು ಸಣ್ಣ ಸ್ಟುಡಿಯೋ ಇದೆ. ಅಲ್ಲಿ ಕುಳಿತು ಒಂದು ವಾರ ಹಾರ್ಮೋನಿಯಂ ಮುಟ್ಟಲಿಲ್ಲ.

ಮುಟ್ಟಿದ ದಿನ ಬೆರಳುಗಳು ನೇರ ಅಠಾಣ ರಾಗಕ್ಕೆ ಹೋದವು. ನಾನು ಕಲಿತದ್ದು ಗುಬ್ಬಿ ಸೀಮೆಯಲ್ಲಿ ಊರೂರು ತಿರುಗಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟರ ಬಳಿ. ಭೀಮ ರಂಗಕ್ಕೆ ಬರುವಾಗ ಅವರು ಅಠಾಣ ಹಿಡಿದರೆ ಹಿಂದಿನ ಸಾಲಿನಲ್ಲಿ ನಿದ್ದೆ ಹೋದವರೂ ಎದ್ದು ಕೂರುತ್ತಿದ್ದರು. ಅದೇ ಜಾಡಿನಲ್ಲಿ ನಗಾರಿ, ಕೊಂಬು, ಇಪ್ಪತ್ತು ಕಂಠಗಳ ಮೇಳ ಸೇರಿಸಿ ಒಂದು ಭಾಗ ಕಟ್ಟಿದೆ. ನಿರ್ದೇಶಕರಿಗೆ ಬಹಳ ಹಿಡಿಸಿತು. ಸಂಕಲನಕಾರರು ಕಿಂಡಿಯ ದೃಶ್ಯವನ್ನು ಅದಾಗಲೇ ಬೇರೆಲ್ಲಿಂದಲೋ ತಂದ ಡೋಲಿನ ಅಬ್ಬರಕ್ಕೆ ಕತ್ತರಿಸಿಟ್ಟಿದ್ದರು. ನನ್ನದು ಅದರ ಮೇಲೆ ಸರಿಯಾಗಿ ಕುಳಿತುಕೊಂಡಿತು.

ರಾತ್ರಿ ಒಬ್ಬನೇ ಆ ದೃಶ್ಯವನ್ನು ಮತ್ತೆ ಹಾಕಿಕೊಂಡು ನೋಡಿದೆ. ಕಿರಿಕಿರಿಯಾಯಿತು.

ದುರ್ಗದ ಜನ ಹೇಳಿಕೊಂಡು ಬಂದ ಕಥೆಯನ್ನು ಒಮ್ಮೆ ಕಿವಿಯಿಂದಲೇ ಕೇಳಿ ನೋಡಿ. ಗಂಡ ಕಹಳೆ ಮುದ್ದಹನುಮ ಕಾವಲಿನಿಂದ ಬಂದು ಊಟಕ್ಕೆ ಕುಳಿತಿದ್ದಾನೆ. ನೀರು ತರಲು ತಣ್ಣೀರು ದೋಣಿ ಎಂಬ ನೀರಿನ ತಾಣದ ಕಡೆಗೆ ಹೋದ ಓಬವ್ವನಿಗೆ ಬಂಡೆಯ ಆಚೆಯಿಂದ ಹೈದರಾಲಿಯ ಸೈನಿಕರ ಪಿಸುಮಾತು ಕೇಳಿಸುತ್ತದೆ. ಆಪತ್ತು ಅವಳ ಕಣ್ಣಿಗಿಂತ ಮೊದಲು ಕಿವಿಗೆ ಬಿತ್ತು. ಉಣ್ಣುತ್ತಿರುವ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ಬರುತ್ತಾಳೆ. ಕಿಂಡಿಯಲ್ಲಿ ನುಸುಳಿದವನ ತಲೆಗೆ ಒಂದು ಪೆಟ್ಟು. ದೇಹವನ್ನು ಪಕ್ಕಕ್ಕೆಳೆದು ಹಾಕಿ ಮತ್ತೆ ಕಾಯುವುದು. ಒಬ್ಬ ಚೀರಿದ್ದರೂ ಹಿಂದಿನವನು ಒಳಗೆ ತಲೆ ಹಾಕುತ್ತಿರಲಿಲ್ಲ. ಅವಳ ಸಾಹಸವೆಲ್ಲ ನಿಂತಿರುವುದು ಸದ್ದಡಗಿಸುವುದರ ಮೇಲೆ. ಅಲ್ಲಿ ನಾನು ನಗಾರಿ ಬಾರಿಸಿದರೆ ಅವಳನ್ನು ಶತ್ರುವಿಗೆ ನಾನೇ ಹಿಡಿದುಕೊಟ್ಟಂತೆ.

ಬೆಳಗ್ಗೆಯೇ ಚಿತ್ರದುರ್ಗದ ಬಸ್ ಹತ್ತಿದೆ. ಏಳು ಸುತ್ತಿನ ಕೋಟೆಯಲ್ಲಿ ಬೇರೇನನ್ನೂ ನೋಡದೆ ಕಿಂಡಿಯ ಬಳಿ ಮೂರು ಗಂಟೆ ಕುಳಿತೆ. ಪ್ರವಾಸಿಗರು ಒಬ್ಬೊಬ್ಬರಾಗಿ ನುಸುಳುತ್ತಿದ್ದರು. ತೆಳ್ಳಗಿದ್ದವನು ಸರಕ್ಕನೆ ಬಂದರೆ ದಪ್ಪಗಿದ್ದವನು ಉಸಿರು ಬಿಗಿಹಿಡಿದು, ಬಟ್ಟೆ ಕಲ್ಲಿಗೆ ಉಜ್ಜಿಸಿಕೊಂಡು ಬರುತ್ತಿದ್ದ. ಒಬ್ಬನಿಗೂ ಇನ್ನೊಬ್ಬನಿಗೂ ನಡುವಿನ ಬಿಡುವು ಒಂದೇ ಸಮ ಇರಲಿಲ್ಲ. ಆ ಬಿಡುವುಗಳನ್ನು ಗಡಿಯಾರ ನೋಡಿ ಬರೆದುಕೊಂಡೆ. ಕಿಂಡಿಯ ದೃಶ್ಯದ ಲಯ ನನಗೆ ಸಿಕ್ಕಿದ್ದು ಆ ಕಾಗದದಲ್ಲಿ.

ಇನ್ನು ಒನಕೆ ಬೇಕಿತ್ತು. ಕಂಪ್ಯೂಟರಿನ ಶಬ್ದಭಂಡಾರದಲ್ಲಿ ಮರದ ಪೆಟ್ಟುಗಳು ನೂರಾರು ಇವೆ, ಒಂದೂ ಒನಕೆಯಲ್ಲ. ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಬ್ಬರು ಅಜ್ಜಿಯರು ಕುಟ್ಟಿ ತೋರಿಸಲು ಒಪ್ಪಿದರು. ಅಟ್ಟದಿಂದ ಒನಕೆಗಳನ್ನು ಇಳಿಸಿ ಧೂಳು ಒರೆಸಿದ್ದಾಯಿತು. ತೊಂದರೆ ಬಂದದ್ದು ನೆಲದಿಂದ. ಊರಿನ ಮನೆಗಳಿಗೆಲ್ಲ ಸಿಮೆಂಟು, ಟೈಲ್ಸು ಬಂದಿದೆ. ಅದರ ಮೇಲೆ ಪೆಟ್ಟು ಟಣ್ಣನೆ ಪುಟಿಯುತ್ತದೆ. ಕೊನೆಗೆ ಒಂದು ಹಟ್ಟಿಯ ಹಿತ್ತಲಲ್ಲಿ ಮಣ್ಣಿನಲ್ಲಿ ಹೂತಿದ್ದ ಒರಳು ಸಿಕ್ಕಿತು. ಒರಳಿನ ಕಲ್ಲಿಗೆ ಒಂದು ಕಾಂಟ್ಯಾಕ್ಟ್ ಮೈಕ್ ಅಂಟಿಸಿದೆ. ಎರಡಡಿ ದೂರದಲ್ಲಿ ನೆಲಕ್ಕೆ ತಾಗುವಂತೆ ಒಂದು, ಅಜ್ಜಿಯರ ಎದೆಯ ಮಟ್ಟಕ್ಕೆ ಇನ್ನೊಂದು ಇಟ್ಟೆ.

ಎದೆ ಮಟ್ಟದ ಆ ಮೈಕೇ ನನ್ನನ್ನು ಉಳಿಸಿತು. ಜೋಡಿ ಒನಕೆಯಲ್ಲಿ ಒಬ್ಬಳದು ಏರುವಾಗ ಇನ್ನೊಬ್ಬಳದು ಇಳಿಯುತ್ತದೆ. ಇಳಿದಾಗ ಉಸಿರು ಹೊರಬೀಳುತ್ತದೆ. ಕುಟ್ಟುವ ಪದಗಳಲ್ಲಿ ಬರುವ ‘ಸುವ್ವಿ’ ಎಂಬ ಸೊಲ್ಲು ಆ ಉಸಿರೇ ಮಾತಾದದ್ದು ಎಂದು ನನಗೆ ಅಲ್ಲಿ ಅನ್ನಿಸಿತು. ಹಳಗನ್ನಡದವರು ಇಂಥ ಹಾಡನ್ನು ಒನಕೆವಾಡು ಎಂದು ಕರೆದರು. ಭತ್ತ ತುಂಬಿದ ಒರಳಿನ ಸದ್ದು ಮಂದ. ಹೊಟ್ಟು ಬಿಟ್ಟು ಅಕ್ಕಿಯಾಗುತ್ತ ಬಂದ ಹಾಗೆ ಪೆಟ್ಟು ಬಿಗಿಯಾಗುತ್ತದೆ. “ಒಳಗೆ ನೋಡಬೇಕಾಗಿಲ್ಲಪ್ಪ, ಕಿವಿಗೇ ಗೊತ್ತಾಗುತ್ತದೆ” ಎಂದರು ಹಿರಿಯಜ್ಜಿ. ಇಬ್ಬರ ಪೆಟ್ಟುಗಳನ್ನು ಲೆಕ್ಕ ಹಾಕಿದೆ, ನಿಮಿಷಕ್ಕೆ 80ರ ಆಸುಪಾಸು. ಕ್ಲಿಕ್ ಹಾಕಿ, ಅಂದರೆ ಯಂತ್ರದ ಸಮ ಟಿಕ್‌ಟಿಕ್‌ಗೆ ಕೂರಿಸಿ, ಅದನ್ನು ನೇರಗೊಳಿಸುವ ಪಾಪ ಮಾಡಲಿಲ್ಲ.

ಚಿತ್ರದ ಮೊದಲರ್ಧದಲ್ಲಿ ಈ ಸದ್ದು ಮನೆಯ ಸದ್ದಾಗಿಯೇ ಇರುತ್ತದೆ. ಓಬವ್ವ ಮತ್ತು ನೆರೆಯವಳು ಕುಟ್ಟುತ್ತಾರೆ, ಹಾಡುತ್ತಾರೆ, ಮಾತಾಡುತ್ತಾರೆ. ಕಿಂಡಿಯ ದೃಶ್ಯದಲ್ಲಿ ವಾದ್ಯಗಳು ಇಲ್ಲವೆಂದೇ ಹೇಳಬೇಕು. ದೋಣಿಯ ನೀರು ತೊಟ್ಟಿಕ್ಕುವುದು, ಕಲ್ಲಿಗೆ ಬಟ್ಟೆ ಉಜ್ಜುವುದು, ಅದೇ ಒನಕೆಯ ಒಂಟಿ ಪೆಟ್ಟು, ಅವಳ ಉಸಿರು. ನಡುವೆ ನನ್ನ ಕಾಗದದ ಬಿಡುವುಗಳು. ತುಂಬ ತಗ್ಗಿನಲ್ಲಿ ಉರುಮೆ ಎಂಬ ಚರ್ಮವಾದ್ಯವೊಂದನ್ನು ಮಾತ್ರ ಇಟ್ಟುಕೊಂಡೆ, ಅದೂ ಬಾರಿಸದೆ, ಬಾಗಿದ ಕೋಲಿನಿಂದ ಚರ್ಮವನ್ನು ತೀಡಿ ಬರುವ ಗುರುಗುಟ್ಟುವಿಕೆ ಅಷ್ಟೇ. ನಿರ್ದೇಶಕರು ಎರಡು ದಿನ ಮುನಿಸಿಕೊಂಡಿದ್ದರು. ಜನ ಶಿಳ್ಳೆ ಹಾಕುವ ಜಾಗವನ್ನು ಖಾಲಿ ಬಿಟ್ಟಿದ್ದೀರಿ ಎಂಬುದು ಅವರ ವಾದ. ಸ್ಟುಡಿಯೋದ ದೀಪ ಆರಿಸಿ ಒಮ್ಮೆ ಕೇಳಿಸಿದೆ. ಮುಗಿಯುವವರೆಗೂ ಅವರು ಕುರ್ಚಿಯಲ್ಲಿ ಅಲುಗಾಡಲಿಲ್ಲ. ಸಂಕಲನಕಾರರು ಇಡೀ ದೃಶ್ಯವನ್ನು ಮತ್ತೆ ಕತ್ತರಿಸಬೇಕಾಯಿತು, ಅವರಿಗೆ ನಾನು ಋಣಿ.

ಇಷ್ಟು ಮೌನದ ನಂತರ ಕಹಳೆ. ಓಬವ್ವ ಕಹಳೆಯವನ ಹೆಂಡತಿ ಎಂಬುದನ್ನು ಸಂಗೀತಗಾರನಾದವನು ಹೇಗೆ ಮರೆಯಲಿ? ಊಟ ಮುಗಿಸಿ ಬಂದ ಗಂಡ ಅವಳನ್ನೂ ಹೆಣಗಳನ್ನೂ ಕಂಡು ಕಹಳೆ ಊದಿ ಕೋಟೆಯನ್ನು ಎಚ್ಚರಿಸುತ್ತಾನೆ. ಜಾತ್ರೆಗಳಲ್ಲಿ ಕಹಳೆ ಊದುವ ಕಲಾವಿದರೊಬ್ಬರನ್ನು ಕರೆಸಿದೆ. ಕಹಳೆಗೆ ರಂಧ್ರಗಳಿಲ್ಲ. ತುಟಿ ಬಿಗಿದಷ್ಟೂ ಷಡ್ಜ, ಪಂಚಮ, ಮೇಲಿನ ಷಡ್ಜ ಹೀಗೆ ಹೊಮ್ಮುತ್ತವೆ. ರಾಗ ನುಡಿಸು ಎಂದರೆ ನುಡಿಸದು. ಆದ್ದರಿಂದ ಚಿತ್ರದ ಮುಖ್ಯ ಸ್ವರಗುಚ್ಛವನ್ನೇ ಆ ಮೂರು ಸ್ವರಗಳಿಗೆ ಇಳಿಸಿದೆ. ಅವರ ಕಹಳೆಯ ಶ್ರುತಿ ಎರಡು ಮನೆಗೂ ಎರಡೂವರೆ ಮನೆಗೂ, ಅಂದರೆ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಸ್ವರಗಳಿಗೆ, ನಡುವೆ ಎಲ್ಲೋ ಇತ್ತು. ಧ್ವನಿಮುದ್ರಿಕೆಯನ್ನು ಎಳೆದು ಸರಿಮಾಡುವ ತಂತ್ರಾಂಶ ಇದೆ. ಹಾಗೆ ಮಾಡಿದಾಗ ಅದರ ಕಂಠ ಸತ್ತಿತು. ತಂಬೂರಿ, ಪಿಟೀಲು, ಗಾಯಕಿಯ ಶ್ರುತಿ ಎಲ್ಲವನ್ನೂ ಕಹಳೆಗೆ ಹೊಂದಿಸಿದೆ. ಹಾರ್ಮೋನಿಯಂ ಒಂದೇ ಹೊಂದಲಿಲ್ಲ. ಮೇಷ್ಟರು ಕೊಟ್ಟುಹೋದ ಆ ಪೆಟ್ಟಿಗೆಯ ಒಂದು ಸ್ವರವೂ ಚಿತ್ರದಲ್ಲಿಲ್ಲ ಎಂಬುದು ನನಗೆ ಈಗಲೂ ನೋವು.

1779ರಲ್ಲಿ ದುರ್ಗ ಬಿದ್ದದ್ದನ್ನು ಚಿತ್ರ ಒಂದು ಸಾಲಿನ ಬರಹದಲ್ಲಿ ಹೇಳುತ್ತದೆ. ಅದರಡಿ ಸಂಗೀತವಿಲ್ಲ. ನಂತರ ಹೆಸರುಗಳು ಓಡುವಾಗ ಮೊದಲರ್ಧದ ಒನಕೆವಾಡು ಮತ್ತೆ ಬರಬೇಕು, ಆದರೆ ಓಬವ್ವನ ಪೆಟ್ಟಿಲ್ಲದೆ. ಎರಡನೆಯ ಸಲ ಹಳ್ಳಿಗೆ ಹೋಗಿ ಕಿರಿಯಜ್ಜಿಯೊಬ್ಬರೇ ಕುಟ್ಟುತ್ತಾ ಹಾಡಬೇಕೆಂದು ಕೇಳಿದೆ. “ಒಂದು ಒನಕೆಗೆ ಪದ ನಿಲ್ಲುವುದಿಲ್ಲಪ್ಪ” ಎಂದರು. ನಾಲ್ಕು ಸಲ ಹಾಡು ತಪ್ಪಿತು. ಐದನೆಯ ಸಲ ಹಿರಿಯಜ್ಜಿ ಎದುರಿಗೆ ಬಂದು ಬರಿಗೈಯಲ್ಲಿ ನಿಂತು, ತಮ್ಮ ಸರದಿ ಬಂದಾಗಲೆಲ್ಲ ಸದ್ದಿಲ್ಲದೆ ತಲೆಯಾಡಿಸಿದರು. ಹಾಡು ಕೊನೆಯವರೆಗೂ ನಿಂತಿತು. ಚಿತ್ರದಲ್ಲಿರುವುದು ಅದೇ.